ಬಿಳಿಯ ಹಲಗೆ, ಹಳದಿಯ ಹಲಗೆ

ವೈಶಾಖ ಮಾಸ ಬಂದಿತೆಂದರೆ ವಿಜಯಪುರ ಜಿಲ್ಲೆಯಲ್ಲಿ ಎರಡು ವಸ್ತುಗಳಿಗೆ ಅಭಾವ ತಲೆದೋರುತ್ತದೆ. ಒಂದು ನೀರು, ಇನ್ನೊಂದು ಬಾಡಿಗೆಯ ಗಾಡಿ. ಇಂಡಿಯವರು ಬಟ್ಟೆ ಕೊಳ್ಳಲು ಸೊಲ್ಲಾಪುರಕ್ಕೆ ಹೋಗಬೇಕು. ಸಿಂದಗಿಯವರು ನಿಶ್ಚಯ ಕಾರ್ಯಕ್ಕೆ ಕಲಬುರಗಿಗೆ ಹೋಗಬೇಕು. ಮುದ್ದೇಬಿಹಾಳದ ಬೀಗರು ಕುಬಸದ ಊಟಕ್ಕೆ ಹುನಗುಂದಕ್ಕೆ ಹೊರಡಬೇಕು. ಬಸವನ ಬಾಗೇವಾಡಿಯ ಮದುಮಕ್ಕಳು ಕೂಡಲಸಂಗಮದ ದರ್ಶನಕ್ಕೆ ಹೋಗಿ ಬರಬೇಕು. ಸರಕಾರಿ ಬಸ್ಸೇನೋ ಉಂಟು. ಆದರೆ ಅಜ್ಜಿಯನ್ನೂ ತೊಟ್ಟಿಲ ಕೂಸನ್ನೂ ಬುತ್ತಿಯ ಗಂಟನ್ನೂ ಒಟ್ಟಿಗೆ ಕೂರಿಸಿಕೊಂಡು, ಮನೆಯ ಕಟ್ಟೆಯಿಂದ ಮನೆಯ ಕಟ್ಟೆಗೆ ಒಯ್ಯುವ ಸೌಜನ್ಯ ಬಸ್ಸಿಗೆಲ್ಲಿಂದ ಬರಬೇಕು?

ಆಗ ನೆನಪಾಗುವವನು ಓಣಿಯ ಹುಡುಗ. ಅವನ ಮನೆಯ ಮುಂದೆ ಒಂದು ಗಾಡಿ ನಿಂತಿರುತ್ತದೆ. ಮಾತುಕತೆ ಎರಡೇ ವಾಕ್ಯದಲ್ಲಿ ಮುಗಿದುಹೋಗುತ್ತದೆ.

“ಬಾಡಿಗಿ ಎಷ್ಟ ಆಗತೈತೋ ತಮ್ಮಾ?”

“ನಿಮ್ಮ ಕಡಿಂದ ಎಂಥಾ ಬಾಡಿಗಿ ಕಾಕಾ? ಡೀಸೆಲ್ ಹಾಕಸ್ರಿ, ಮ್ಯಾಲ ಮನಸಿಗೆ ಬಂದಷ್ಟು ಕೊಡ್ರಿ.”

ಇದಕ್ಕಿಂತ ಸವಿಯಾದ ವ್ಯಾಪಾರ ಉಂಟೇ? ಆದರೆ ಆ ಗಾಡಿಯ ಸಂಖ್ಯೆಯ ಹಲಗೆಯನ್ನು ಯಾರೂ ನೋಡುವುದಿಲ್ಲ. ಕೆಎ-28 ಎಂಬ ನಮ್ಮ ಜಿಲ್ಲೆಯ ಗುರುತೇನೋ ಅಲ್ಲಿರುತ್ತದೆ. ಅದನ್ನು ಬರೆದಿರುವ ಹಲಗೆಯ ಬಣ್ಣ ಮಾತ್ರ ಬಿಳಿದು. ಓದುಗರೇ, ಈ ವಾರ ಆ ಬಣ್ಣದ ವಿಚಾರವನ್ನೇ ಸ್ವಲ್ಪ ಮಾತನಾಡೋಣ.

ಬಿಳಿಯ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಸ್ವಂತದ ಉಪಯೋಗದ ವಾಹನ. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ದುಡಿಮೆಯ ವಾಹನ. 1988ರ ಮೋಟಾರು ವಾಹನ ಕಾಯ್ದೆ ದುಡಿಮೆಯ ವಾಹನದಿಂದ ಮುಖ್ಯವಾಗಿ ಮೂರು ಸಂಗತಿಗಳನ್ನು ಅಪೇಕ್ಷಿಸುತ್ತದೆ. ಗಾಡಿಗೆ ಅರ್ಹತಾ ಪತ್ರವಿರಬೇಕು. ಗಾಡಿಯನ್ನು ಬಾಡಿಗೆಗೆ ಓಡಿಸಲು ರಹದಾರಿ ಇರಬೇಕು. ನಡೆಸುವವನಿಗೆ ತಕ್ಕ ಲೈಸೆನ್ಸು ಇರಬೇಕು. ‘ರಹದಾರಿ’ ಎಂಬುದು ಪಾರಸಿಯಿಂದ ಬಂದ ಮಾತು. ‘ರಾಹ’ ಎಂದರೆ ದಾರಿ. ಆದಿಲಶಾಹಿಯ ನೆಲದಲ್ಲಿ ಈ ಮಾತು ಪರಕೀಯವೆನಿಸುವುದಿಲ್ಲ. ಕನ್ನಡದ ಕಿವಿಗಂತೂ ಅದರಲ್ಲಿ ದಾರಿ ಎರಡು ಸಲ ಕೇಳಿಸುತ್ತದೆ. ಅದನ್ನೇ ನಾವು ಇಂದು ಪರ್ಮಿಟ್ಟು ಎನ್ನುತ್ತೇವೆ.

ನಡೆಸುವವನನ್ನು ಬಿಟ್ಟು ಆರು ಜನರವರೆಗೆ ಒಯ್ಯುವುದು ಮೋಟಾರು ಕ್ಯಾಬು. ಆರಕ್ಕಿಂತ ಹೆಚ್ಚು, ಹನ್ನೆರಡರವರೆಗೆ ಒಯ್ಯುವುದು ಮ್ಯಾಕ್ಸಿಕ್ಯಾಬು. ಹನ್ನೆರಡರ ಗಾಡಿಯಲ್ಲಿ ಇಪ್ಪತ್ತು ಜನ ಕುಳಿತು, ಮತ್ತಿಬ್ಬರು ಹಿಂದಿನ ಏಣಿಗೆ ಜೋತು ಬೀಳುವುದನ್ನು ನಮ್ಮ ಕ್ರಾಸುಗಳಲ್ಲಿ ಕಾಣದವರಾರು? 2019ರ ತಿದ್ದುಪಡಿಯಂತೆ ಹೆಚ್ಚಿನ ಒಬ್ಬೊಬ್ಬ ಪ್ರಯಾಣಿಕನಿಗೂ 200 ರೂಪಾಯಿ ದಂಡವುಂಟು; ಅಷ್ಟೇ ಅಲ್ಲ, ಹೆಚ್ಚಿನವರು ಕೆಳಗಿಳಿದು ಅವರಿಗೆ ಬೇರೆ ವ್ಯವಸ್ಥೆಯಾಗುವವರೆಗೆ ಗಾಡಿ ಕದಲಕೂಡದು. ಪರ್ಮಿಟ್ಟಿಲ್ಲದೆ ಬಾಡಿಗೆ ಹೊಡೆದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ. ಹೊಸ ಗಾಡಿಗೆ ಮೊದಲ ಎರಡು ವರ್ಷ ಅರ್ಹತೆ ಇದೆಯೆಂದೇ ಭಾವಿಸಲಾಗುತ್ತದೆ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕು. ಬಿಳಿಯ ಹಲಗೆಯ ಸ್ವಂತ ಕಾರಿಗಾದರೋ ಹದಿನೈದು ವರ್ಷದವರೆಗೆ ಇಂಥ ಕಾಟವಿಲ್ಲ. ಅದು ಅಗ್ಗವಾಗಿ ದೊರೆಯುವ ಗುಟ್ಟಿನ ಒಂದು ಭಾಗ ಇಲ್ಲಿದೆ.

“ದಂಡ ಬಿದ್ದರೆ ಅವನಿಗೆ ಬೀಳಲಿ, ನಮಗೇನು?” ಎಂದು ಯಾರಾದರೂ ಕೇಳಬಹುದು. ನಮಗೆ ಸಂಬಂಧಪಟ್ಟುದು ದಂಡವಲ್ಲ, ವಿಮೆ. ಬಾಡಿಗೆಗೆ ಓಡಿಸುವ ಪರ್ಮಿಟ್ಟಿಲ್ಲದ ವಾಹನವನ್ನು ಬಾಡಿಗೆಗೆ ಬಳಸಿ ವಿಮೆಯ ಕರಾರನ್ನು ಮುರಿದಿದ್ದರೆ, ಅದೇ ಕಾರಣವನ್ನು ಮುಂದೊಡ್ಡಿ ತನ್ನ ಹೊಣೆಯನ್ನು ನಿರಾಕರಿಸಲು ಕಾಯ್ದೆಯ 150ನೆಯ ಕಲಮು ವಿಮಾ ಸಂಸ್ಥೆಗೆ ಅವಕಾಶ ಕೊಟ್ಟಿದೆ. ದೇವರು ಯಾರಿಗೂ ಆ ಗಳಿಗೆಯನ್ನು ತಾರದಿರಲಿ; ಬಂದರೆ ಮಾತ್ರ ಕೋರ್ಟಿನಲ್ಲಿ ಕೇಳುವ ಮೊದಲ ಪ್ರಶ್ನೆ “ಬಾಡಿಗೆ ಕೊಟ್ಟಿದ್ದಿರೇನು?” ಎಂಬುದೇ. ಹೌದೆಂದರೆ ವಿಮೆ ಜಾರಬಹುದು. ಇಲ್ಲವೆಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತಾಗುತ್ತದೆ. ಪರಿಹಾರದ ಹೊರೆ ಗಾಡಿಯ ಒಡೆಯನ ಮೇಲೆ ಬೀಳುತ್ತದೆ. ಅವನ ಆಸ್ತಿ ಎರಡೆಕರೆ ಒಣಬೇಸಾಯದ ಹೊಲ ಮತ್ತು ನಜ್ಜುಗುಜ್ಜಾದ ಅದೇ ಗಾಡಿ ಎಂದಾದರೆ, ಮನೆಯ ದುಡಿಯುವ ಕೈಯನ್ನು ಕಳೆದುಕೊಂಡವರಿಗೆ ಕೈಗೆ ಬರುವುದು ತೀರ್ಪಿನ ನಕಲು ಮಾತ್ರ. ಒಂದೇ ಓಣಿಯ ಎರಡು ಮನೆಗಳು ಒಟ್ಟಿಗೆ ಹಾಳಾಗುವ ರೀತಿ ಇದು.

ಹಲಗೆಯ ಬಣ್ಣದ ಮಾತು ಹೀಗಾದರೆ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೂ ಸರಕಿನ ಟೆಂಪೋದಲ್ಲಿಯೂ ದಿಬ್ಬಣ ಹೊರಡಿಸುವವರ ಪಾಡು ಇನ್ನೂ ಕಷ್ಟ. 1994ರ ತಿದ್ದುಪಡಿಯ ತರುವಾಯ ಸರಕಿನ ಗಾಡಿಯಲ್ಲಿ ವಿಮೆಯ ನೆರಳು ಸಿಕ್ಕುವುದು ಸರಕಿನ ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ. ಸುಮ್ಮನೆ ಹತ್ತಿ ಕುಳಿತವರ ಹೊಣೆ ವಿಮೆಯದಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿತು. ಬೀಗರು ಸರಕಲ್ಲವಷ್ಟೆ!

ಇಷ್ಟು ಹೇಳಿ ನಿಲ್ಲಿಸಿದರೆ ಆ ಓಣಿಯ ಹುಡುಗನಿಗೆ ಅನ್ಯಾಯವಾದೀತು. ಅವನು ಕಳ್ಳನಲ್ಲ. ಹಳದಿಯ ಹಲಗೆಗೆ ತೆರಿಗೆ ಬೇರೆ, ವಿಮೆಯ ಕಂತು ಬೇರೆ, ಅರ್ಹತೆಯ ಪರೀಕ್ಷೆ ಬೇರೆ. ಮದುವೆಯ ಮೂರು ತಿಂಗಳು ದುಡಿದು ಒಂಬತ್ತು ತಿಂಗಳು ನಿಲ್ಲುವ ಗಾಡಿಗೆ ಇವೆಲ್ಲ ಹೇಗೆ ಗಿಟ್ಟಬೇಕು? 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದ ಪ್ರಯಾಣ ದೊರೆಯಿತು. ಅದು ಲಕ್ಷಾಂತರ ತಾಯಂದಿರಿಗೆ ಒದಗಿದ ಉಪಕಾರ, ನಿಜ. ಆದರೆ ಬಾಡಿಗೆಯನ್ನೇ ನಂಬಿದವರು ತಮ್ಮ ಗಳಿಕೆ ಕುಸಿಯಿತೆಂದರು. ಅದೇ ವರ್ಷದ ಸೆಪ್ಟೆಂಬರ್ 11ರಂದು ಬೆಂಗಳೂರಿನ ಖಾಸಗಿ ಸಾರಿಗೆಯವರು ಮುಷ್ಕರ ಹೂಡಿದಾಗ ಈ ಯೋಜನೆಯೂ ಬೈಕ್ ಟ್ಯಾಕ್ಸಿಗಳೂ ಅವರ ದೂರಿನಲ್ಲಿದ್ದವು. ನ್ಯಾಯವಾಗಿ ತೆರಿಗೆ ಕಟ್ಟುವ ಹಳದಿಯವನಿಗೆ ಬಿಳಿಯವನು ಅರ್ಧ ದರದ ಪ್ರತಿಸ್ಪರ್ಧಿ; ಅವನ ಸಿಟ್ಟೂ ಅಕಾರಣವಲ್ಲ.

ಕಾಯ್ದೆಯೂ ಕಲ್ಲಾಗಿ ಕುಳಿತಿಲ್ಲ. ದುಡಿಮೆಯ ವಾಹನ ನಡೆಸಲು ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ನಿಯಮವೊಂದಿತ್ತು. ಹೊಲದ ಕೆಲಸಕ್ಕಾಗಿ ಶಾಲೆ ಬಿಟ್ಟ ಎಷ್ಟೋ ನಿಪುಣ ಸಾರಥಿಗಳಿಗೆ ಅದು ಅಗುಳಿಯಾಗಿತ್ತು; 2019ರಲ್ಲಿ ಅದು ಹೋಯಿತು. ಹಗುರ ವಾಹನದ ಲೈಸೆನ್ಸುಳ್ಳವನು 7500 ಕಿಲೋ ತೂಕದೊಳಗಿನ ಬಾಡಿಗೆ ವಾಹನವನ್ನು ನಡೆಸಲು ಪ್ರತ್ಯೇಕ ಷರಾ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಇಪ್ಪತ್ತು ವರ್ಷ ತುಂಬದವನು ದುಡಿಮೆಯ ವಾಹನ ನಡೆಸಕೂಡದೆಂಬುದು ಹಾಗೆಯೇ ಇದೆ. ಕಾಲೇಜಿನ ಮೊದಲ ವರ್ಷದ ಹುಡುಗನ ಕೈಗೆ ಹನ್ನೆರಡು ಜನರ ಜೀವ ಕೊಡುವವರು ಇದನ್ನು ನೆನೆಯಬೇಕು.

ನಿಯಮ ಬಿಗಿಯಾಗುವುದು, ಸಡಿಲಾಗುವುದು ನಮ್ಮ ನಾಡಿಗೆ ಹೊಸದಲ್ಲ. ಬಸ್ಸುಗಳ ಮಾತನ್ನೇ ನೋಡಿರಿ. ಒಪ್ಪಂದದ ಬಸ್ಸೆಂದು ಪರ್ಮಿಟ್ಟು ಪಡೆದು ದಾರಿಯುದ್ದಕ್ಕೂ ಜನರನ್ನು ಹತ್ತಿಸುತ್ತಾರೆಂಬ ದೂರಿನ ಮೇಲೆ ಕರ್ನಾಟಕ ಸರಕಾರ 1976ರಲ್ಲಿ ಕಾಯ್ದೆ ಮಾಡಿ ಅಂಥ ಖಾಸಗಿ ಬಸ್ಸುಗಳನ್ನು ವಶಪಡಿಸಿಕೊಂಡಿತು. ಮರುವರ್ಷ ಸುಪ್ರೀಂ ಕೋರ್ಟು ಅದು ಸರಿಯೆಂದಿತು. 2003ರಲ್ಲಿ ಶಾಸನಸಭೆಯೇ ಆ ಕಾಯ್ದೆಯನ್ನು ರದ್ದುಮಾಡಿತು. ರದ್ದು ಮಾಡಿದುದೂ ಸರಿಯೆಂದು 2025ರ ಫೆಬ್ರುವರಿಯಲ್ಲಿ ಅದೇ ಕೋರ್ಟು ಹೇಳಿತು. ಸರಕಾರಿ ಬಸ್ಸೊಂದರಿಂದಲೇ ಜನರ ಓಡಾಟ ತೀರದೆಂಬುದನ್ನು ನಾಡು ಒಪ್ಪಿಕೊಳ್ಳಲು ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಕಾಯ್ದೆಯಲ್ಲಿ ಕರುಣೆಗೂ ಒಂದು ಎಡೆಯುಂಟು. ಅದನ್ನು ಹಳ್ಳಿಗಳಲ್ಲಿ ಬಲ್ಲವರು ಕಡಿಮೆ. ರೋಗಿಯನ್ನೋ ಗಾಯಗೊಂಡವನನ್ನೋ ತುರ್ತಾಗಿ ಒಯ್ಯಲು ಪರ್ಮಿಟ್ಟಿಲ್ಲದ ವಾಹನ ಬಳಸಿದರೆ ಅದು ಅಪರಾಧವಲ್ಲ. ಏಳು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರಾಯಿತು. ನಡುರಾತ್ರಿ ಎದೆನೋವೆಂದು ಕೂಗಿದ ಮನೆಗೆ ಬಿಳಿಯ ಹಲಗೆಯ ಗಾಡಿ ಅಂಜದೆ ಬರಬಹುದು. ಕಾಯ್ದೆ ತಡೆಯುವುದು ನೆರವನ್ನಲ್ಲ, ನೆರವಿನ ವೇಷ ತೊಟ್ಟ ವ್ಯಾಪಾರವನ್ನು.

ಹಾಗಾದರೆ ಈ ವೈಶಾಖದಲ್ಲಿ ನಾವು ಮಾಡಬೇಕಾದುದೇನು? ಮುಂಗಡ ಕೊಡುವ ಮೊದಲು ಮೂರು ಮಾತು ಕೇಳಬೇಕು: ಹಲಗೆ ಹಳದಿಯದೋ, ಅರ್ಹತಾ ಪತ್ರವೂ ವಿಮೆಯೂ ಇಂದಿಗೆ ಚಾಲ್ತಿಯಲ್ಲಿವೆಯೋ, ನಡೆಸುವವನು ಯಾರು. ಸಂಖ್ಯೆಯೊಂದಿದ್ದರೆ ಕೇಂದ್ರ ಸರಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಮನೆಯ ಮಕ್ಕಳೇ ಎರಡನೆಯದನ್ನು ನೋಡಿ ಹೇಳಬಲ್ಲರು. ಇಂಡಿಯಿಂದ ಗಡಿ ದಾಟಿ ಪಂಢರಪುರಕ್ಕೋ ತುಳಜಾಪುರಕ್ಕೋ ಹೋಗುವವರು ನೆರೆಯ ರಾಜ್ಯದಲ್ಲಿ ಸಲ್ಲುವ ಪರ್ಮಿಟ್ಟಿದೆಯೇ ಎಂದು ಇನ್ನೊಂದು ಮಾತು ಕೂಡಿಸಿ ಕೇಳಬೇಕು. ಇದಕ್ಕಾಗಿಯೇ 2023ರ ಮೇ 1ರಿಂದ ಅಖಿಲ ಭಾರತ ಪ್ರವಾಸಿ ವಾಹನಗಳ ಹೊಸ ನಿಯಮಗಳು ಬಂದಿವೆ.

ಹೀಗೆ ಕೇಳುವುದು ಸಂಶಯದ ಮಾತಲ್ಲ. ಹೆಣ್ಣು ನೋಡಲು ಬಂದವರು ಕುಲಗೋತ್ರದಿಂದ ಹಿಡಿದು ಬಾವಿಯ ನೀರಿನವರೆಗೆ ವಿಚಾರಿಸುವ ನಾಡು ನಮ್ಮದು. ಮಗಳನ್ನು ಕೂರಿಸಿ ಕಳುಹಿಸುವ ಗಾಡಿಯ ಬಗೆಗೆ ಮೂರು ಮಾತು ವಿಚಾರಿಸಿದರೆ ಯಾರೂ ತಪ್ಪು ತಿಳಿಯಲಾರರು. ಹಳದಿಯ ಗಾಡಿಗೆ ಸಾವಿರ ರೂಪಾಯಿ ಹೆಚ್ಚಾದರೂ ಆಗಲಿ. ಮದುವೆಯ ಲೆಕ್ಕದಲ್ಲಿ ಅದು ಒಂದು ಪಂಕ್ತಿಯ ಹೋಳಿಗೆಯ ಖರ್ಚು. ಓಣಿಯ ಹುಡುಗನಿಗೂ ಹಿರಿಯರು ಒಂದು ಮಾತು ಹೇಳಲಿ: “ಹಳದಿ ಬೋರ್ಡ್ ಮಾಡ್ಸೋ ತಮ್ಮಾ; ಓಣಿಯ ಬಾಡಿಗೆಯೆಲ್ಲ ನಿನಗೇ.” ಆ ಭರವಸೆ ನಾಲ್ಕು ಮನೆಗಳಿಂದ ಬಂದರೆ, ಮುಂದಿನ ವೈಶಾಖದೊಳಗೆ ಅವನ ಹಲಗೆಯ ಬಣ್ಣ ಬದಲಾಗಿದ್ದರೂ ಆಶ್ಚರ್ಯವಿಲ್ಲ.