ಲಾಟರಿ ಹೋಯಿತು, ಜೂಜು ಉಳಿಯಿತು

2007ನೆಯ ಇಸವಿ ಏಪ್ರಿಲ್ 1ನೆಯ ತಾರೀಖಿನಿಂದ ಕರ್ನಾಟಕದಲ್ಲಿ ಲಾಟರಿಯು ನಿಷಿದ್ಧವಾಯಿತು. 1969ರಲ್ಲಿ ಸರ್ಕಾರದವರೇ ಆರಂಭಿಸಿದ್ದ ಲಾಟರಿಯೂ ಅದರೊಡನೆ ಅಂತ್ಯಗೊಂಡಿತು. ಕೂಲಿಕಾರರ ದಿನದ ದುಡಿಮೆಯನ್ನು ಸಂಜೆಯೊಳಗೆ ನುಂಗುತ್ತಿದ್ದ ಒಂದಂಕಿ ಲಾಟರಿಯ ಹಾವಳಿಯನ್ನು ಕಂಡವರಾರೂ ಆ ನಿಷೇಧವನ್ನು ಆಕ್ಷೇಪಿಸಲಾರರು. ಆದರೆ ಅಂಗಡಿಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಚಟವು ಅಡಗಿತೆಂದು ತಿಳಿಯುವುದು ಭ್ರಮೆ. ಟಿಕೀಟು ಹೋದರೂ ಓ.ಸಿ. ಚೀಟಿಯು ಹೋಗಲಿಲ್ಲ, ಅದರ ಬೆನ್ನಿಗೆ ಮೊಬೈಲಿನ ಜೂಜೂ ಬಂದು ಸೇರಿತು.

ಓ.ಸಿ.ಯ ಲೆಕ್ಕವನ್ನು ವಾಚಕರು ತುಸು ಪರಾಮರ್ಶಿಸಬೇಕು. ಸೊನ್ನೆಯಿಂದ 99ರವರೆಗೆ ನೂರು ಅಂಕಿಗಳು. ಗೆದ್ದವನಿಗೆ ರೂಪಾಯಿಗೆ 80 ಎಂದಿಟ್ಟುಕೊಳ್ಳೋಣ. ಎಲ್ಲ ಅಂಕಿಗಳಿಗೂ ಒಂದೊಂದು ರೂಪಾಯಿ ಕಟ್ಟಿದವನು 100 ತೆತ್ತು 80 ಪಡೆಯುವನು. ಅದೃಷ್ಟವು ಯಾರ ಕಡೆ ತಿರುಗಿದರೂ ಮಿಕ್ಕ 20 ಆಡಿಸುವವನ ಪಾಲು. ಆದರೆ 47ಕ್ಕೆ ಕಟ್ಟಿದವನು 48 ಬಂದರೆ ಸೋತೆನೆಂದು ಎಣಿಸುವುದಿಲ್ಲ. ಕೂದಲೆಳೆಯಲ್ಲಿ ತಪ್ಪಿತೆಂದೆಣಿಸಿ ಮರುದಿನ ಇಮ್ಮಡಿ ಕಟ್ಟುವನು. ಕಳೆದುದನ್ನು ಮರಳಿ ಗೆಲ್ಲುವ ಈ ಹವಣಿಕೆಯೇ ರೋಗದ ಬೇರು. ದ್ಯೂತಸಭೆಯಲ್ಲಿ ಧರ್ಮರಾಯನನ್ನು ಪಣದ ಮೇಲೆ ಪಣಕ್ಕೆ ಎಳೆದುದೂ ಇದೇ.

ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯಂತಹ ಗ್ರಾಮಗಳಲ್ಲಿ ಮಳೆಯನ್ನು ನಂಬಿ ಶೇಂಗಾ ಬಿತ್ತುವ ರೈತನು ವರ್ಷವರ್ಷವೂ ಆಕಾಶದೊಡನೆ ಪಣವೊಡ್ಡುತ್ತಲೇ ಇರುವನು. ಬೆಳೆ ಕೈಕೊಟ್ಟ ವರ್ಷ ಸಾಲ ತೀರಿಸಲು ಅವನು ಅಂಕಿಯನ್ನು ನಂಬಿದರೆ ಆ ಸಂಸಾರದ ಗತಿಯೇನು? ಹೆಂಡತಿಯ ಓಲೆ, ಬಿತ್ತನೆಯ ಬೀಜ, ಕಡೆಗೆ ಹೊಲ, ಒಂದೊಂದೇ ಕೈಬಿಡುವುವು.

ಕಾಯಿದೆಗೆ ಕೊರತೆಯಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯಿದೆಯುಂಟು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣವೊಡ್ಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಇವು ಆಡಿಸುವವನನ್ನು ಹಿಡಿಯಬಲ್ಲವೇ ಹೊರತು ಆಡುವವನನ್ನು ಬಿಡಿಸಲಾರವು. ವಿಶ್ವ ಆರೋಗ್ಯ ಸಂಸ್ಥೆಯು ಜೂಜಿನ ಚಟವನ್ನು ವ್ಯಾಧಿಯೆಂದೇ ಪರಿಗಣಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾರಾದರೂ ದೂರವಾಣಿ ಮಾಡಬಹುದು. ಆದರೆ ಈ ಸಂಗತಿ ಹಳ್ಳಿಯ ಕಟ್ಟೆಗೆ ತಲುಪಬೇಡವೆ?

ಮೂರೂವರೆ ದಶಕಕ್ಕೂ ಮಿಕ್ಕಿ ಸರ್ಕಾರವು ಟಿಕೀಟು ಮಾರಿ ಬೊಕ್ಕಸಕ್ಕೆ ಹಣ ಕೂಡಿಸಿತು. ಆ ಋಣವನ್ನು ಇನ್ನಾದರೂ ತೀರಿಸತಕ್ಕದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಜೂಜಿನ ಚಟಕ್ಕೆ ಚಿಕಿತ್ಸೆ ದೊರೆಯುವಂತಾಗಲಿ. ಪೊಲೀಸಿನವರು ಚೀಟಿ ಬರೆಯುವ ಬಡಪಾಯಿಯನ್ನಷ್ಟೇ ಹಿಡಿಯದೆ ಅವನ ಹಿಂದಿರುವ ಧಣಿಯನ್ನೂ ಹಿಡಿಯಲಿ. ಊರ ಹಿರಿಯರು ಸೋತವನನ್ನು ಹಳಿಯುವುದನ್ನು ಬಿಟ್ಟು ವೈದ್ಯರ ಬಳಿಗೆ ಕರೆದೊಯ್ಯಲಿ. ಚಟಕ್ಕೆ ಬಿದ್ದವನು ಅಪರಾಧಿಗಿಂತ ಮೊದಲು ರೋಗಿ ಎಂಬುದನ್ನು ಅಧಿಕಾರಿವರ್ಗದವರು ಮನಗಾಣಬೇಕೆಂದು ನಮ್ಮ ಆಗ್ರಹ.