ಅಟ್ಟದ ಮೇಲಿನ ಕೋವಿ

ಶ್ರೀರಂಗಪಟ್ಟಣದ ಸೀಮೆಗೂ ಆಯುಧಗಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1799ರ ಮೇ 4ರಂದು ಕೋಟೆ ಬಿದ್ದಾಗ ಟಿಪ್ಪುವಿನ ಆಯುಧಗಳು ಕೊಳ್ಳೆಯಾಗಿ ಗೆದ್ದವರ ಪಾಲಾದವು. ಹುಲಿಪಟ್ಟೆಯ ಅಲಂಕಾರವುಳ್ಳ ಅವನ ಚಕಮಕಿ ಬಂದೂಕುಗಳಲ್ಲಿ ಹಲವನ್ನು ನೋಡಬೇಕೆಂದರೆ ಬ್ರಿಟನ್ನಿಗೆ ಹೋಗಬೇಕು. ಇಲ್ಲಿ ಉಳಿದದ್ದು ಮದ್ದಿನ ಮನೆ. ಅದೂ ಜೋಡಿ ರೈಲುಹಾದಿಗೆ ಅಡ್ಡವಾಯಿತೆಂದು, 2017ರಲ್ಲಿ ಇಡಿಯ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ನೆರೆಯ ಪಾಂಡವಪುರವಂತೂ ಹೈದರ್-ಟಿಪ್ಪುಗಳ ಪಕ್ಷದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ತಾಣ. ಬ್ರಿಟಿಷರ ಕಾಗದಪತ್ರಗಳಲ್ಲಿ ಅದರ ಹೆಸರೇ ಫ್ರೆಂಚ್ ರಾಕ್ಸ್.

ಇಂತಹ ಸೀಮೆಯಲ್ಲಿ, ನಾಗಮಂಗಲದಲ್ಲೋ ಕೃಷ್ಣರಾಜಪೇಟೆಯಲ್ಲೋ, ಹಳೆಯ ತೊಟ್ಟಿಮನೆಯೊಂದನ್ನು ಕೆಡವುವಾಗ ಅಟ್ಟದಿಂದ ಗೋಣಿತಾಟಿನಲ್ಲಿ ಸುತ್ತಿದ ಕೋವಿಯೊಂದು ಇಳಿಯಿತೆನ್ನಿ. ಅಜ್ಜನಿಗೆ ಅದು ವಂಶದ ಗೌರವ, ಆಯುಧಪೂಜೆಗೆ ಇಡಬೇಕೆನ್ನುತ್ತಾನೆ. ಮೊಮ್ಮಗನಿಗೆ ಅದು ಹಳೆಯ ಕಾಲದ ಸರಕು. ಒಳ್ಳೆಯ ಬೆಲೆ ಬಂದೀತೆಂದು ಲೆಕ್ಕ ಹಾಕುತ್ತಾನೆ. “ಮಾವನವರೆ, ಪೊಲೀಸರಿಗೆ ಒಂದು ಮಾತು ತಿಳಿಸಬೇಡವೆ?” ಎಂದು ಕೇಳುವವಳು ಸೊಸೆ. ಮೂವರಲ್ಲಿ ಕಾನೂನಿಗೆ ಹತ್ತಿರವಾದವಳು ಅವಳೇ.

ಆಯುಧಗಳ ಅಧಿನಿಯಮವು 1959ರದು. ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ವಸ್ತು ಹಳೆಯದಾದ ಮಾತ್ರಕ್ಕೆ ಅದು ಬಿಟ್ಟುಬಿಡುವುದಿಲ್ಲ. ಬಳಕೆ ತಪ್ಪಿದ ಮಾದರಿಯದೋ, ಪ್ರಾಚೀನ ಬೆಲೆಯುಳ್ಳದ್ದೋ, ಕೆಟ್ಟುಹೋದದ್ದೋ ಆಗಿದ್ದು, ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾರದ ಆಯುಧಕ್ಕೆ 45ನೆಯ ಕಲಮಿನಲ್ಲಿ ವಿನಾಯಿತಿಯುಂಟು. ‘ದುರಸ್ತಿ ಮಾಡಿದರೂ’ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ನಳಿಗೆ ತುಕ್ಕು ಹಿಡಿದು, ಕುದುರೆ ಮುರಿದಿದ್ದರೂ ಊರ ಕಮ್ಮಾರನೊಬ್ಬ ಸರಿಮಾಡಬಲ್ಲನಾದರೆ ವಿನಾಯಿತಿ ಅಲ್ಲಿಗೇ ಮುಗಿಯಿತು. ಹಳೆಯ ನಿಯಮಗಳು ಇಂತಹವನ್ನು ‘ಕುತೂಹಲದ ಹಾಗೂ ಐತಿಹಾಸಿಕ ಆಯುಧಗಳು’ ಎಂಬ ಬೇರೆಯೇ ವರ್ಗದಲ್ಲಿ ಇರಿಸಿದ್ದವು. 2016ರ ಹೊಸ ನಿಯಮಗಳಿಗೆ 2020ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯಿಂದ ‘ಕ್ಯೂರಿಯೊ’ ಎನಿಸಿಕೊಂಡ ಸಣ್ಣ ಆಯುಧಗಳನ್ನು ಪಡೆದು ಇರಿಸಿಕೊಳ್ಳಲು ಭಾರತೀಯ ಪೌರರಿಗೆ ಲೈಸೆನ್ಸು ಬೇಡವಾಯಿತು. ಆದರೆ ಹಾರಿಸುವುದಕ್ಕೂ, ಕೈಯಲ್ಲಿ ಹಿಡಿದು ತಿರುಗುವುದಕ್ಕೂ, ಸಾಗಿಸುವುದಕ್ಕೂ ಲೈಸೆನ್ಸು ಬೇಕೇ ಬೇಕು. ಆದಕಾರಣ ಕೋವಿಯನ್ನು ಹೆಗಲಿಗೇರಿಸಿಕೊಂಡು ಠಾಣೆಗೆ ಹೊರಡುವುದಕ್ಕಿಂತ ಮೊದಲು ಠಾಣೆಗೆ ಸುದ್ದಿ ಮುಟ್ಟಿಸುವುದೇ ಕ್ಷೇಮ.

ಸ್ವಯಂಚಾಲಿತ ಕೋವಿಯ ಮಾತು ಇದಕ್ಕಿಂತ ಗಂಭೀರ. ಎರಡನೆಯ ಮಹಾಯುದ್ಧದ ಸ್ಟೆನ್ ಗನ್ನಿಗೆ ಎಂಬತ್ತು ವರ್ಷ ದಾಟಿದೆ. ಆದರೂ ಅದು ಅಜ್ಜನ ಕೇಪಿನ ಕೋವಿಯ ಸಾಲಿಗೆ ಸೇರದು. ಕುದುರೆಯನ್ನು ಒತ್ತಿ ಹಿಡಿದಷ್ಟು ಹೊತ್ತೂ, ಇಲ್ಲವೆ ಗುಂಡಿನ ಕೋಶ ಬರಿದಾಗುವವರೆಗೂ ಗುಂಡು ಸುರಿಸುವಂತೆ ರಚಿಸಿದ ಆಯುಧವೆಲ್ಲ ‘ನಿಷೇಧಿತ ಆಯುಧ’. ಜಿಲ್ಲಾಧಿಕಾರಿಗಳ ಎಂದಿನ ಲೈಸೆನ್ಸು ಅದಕ್ಕೆ ಸಾಲದು. 7ನೆಯ ಕಲಮಿನಂತೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಅನುಮತಿಯಿಲ್ಲದೆ ಇರಿಸಿಕೊಂಡವರಿಗೆ, 2019ರ ತಿದ್ದುಪಡಿಯ ಮೇಲೆ, ಏಳು ವರ್ಷಕ್ಕೆ ಕಡಿಮೆಯಿಲ್ಲದ, ಹದಿನಾಲ್ಕು ವರ್ಷದವರೆಗೂ ಹೋಗಬಹುದಾದ ಸೆರೆ. ಆಯುಧದ ಬಿಡಿಭಾಗವೂ ಕಾನೂನಿನ ಕಣ್ಣಿಗೆ ಆಯುಧವೇ ಎಂಬುದನ್ನು ಸಂಗ್ರಹದ ಹುಚ್ಚಿನವರು ಮರೆಯುವುದೇ ಹೆಚ್ಚು.

ಅಮೆರಿಕದಲ್ಲಿ ನಡೆ ಬೇರೆ. ಅಲ್ಲಿ 1934ರಿಂದಲೇ ಮೆಷಿನ್ ಗನ್ನುಗಳಿಗೆ ನೋಂದಣಿಯುಂಟು. ಕೈಬದಲಾಯಿಸುವಾಗ 200 ಡಾಲರ್ ತೆರಿಗೆ. 1986ರ ಮೇ 19ಕ್ಕೆ ಮೊದಲೇ ನ್ಯಾಯವಾಗಿ ನೋಂದಣಿಯಾಗಿದ್ದವನ್ನು ಹಲವು ರಾಜ್ಯಗಳಲ್ಲಿ ಖಾಸಗಿಯವರು ಇಂದಿಗೂ ಕೊಳ್ಳಬಹುದು. ಐವತ್ತು ವರ್ಷ ಕಳೆದರೆ ‘ಕ್ಯೂರಿಯೊ’ ಎಂಬ ಪದವಿಯೂ ದೊರೆಯುತ್ತದೆ. ಹಾಗೆಂದು ನೋಂದಣಿಯಾಗದ ಮೆಷಿನ್ ಗನ್ನು ಹಳೆಯದೆಂಬ ಕಾರಣಕ್ಕೆ ಅಲ್ಲಿಯೂ ಪಾರಾಗದು! ಅಲ್ಲಿಯ ಪುಸ್ತಕಗಳನ್ನೋದಿ ಇಲ್ಲಿಯೂ ಹಾಗೆಯೇ ಇರಬೇಕೆಂದು ನಂಬುವ ತರುಣರು ಈ ಭೇದವನ್ನು ಅರಿತರೆ ಅವರ ಮನೆಯವರ ನಿದ್ದೆ ಉಳಿದೀತು.

ಇನ್ನು ತಂದೆಯಿಂದ ಮಗನಿಗೆ ಬರುವ ಕೋವಿ. ಲೈಸೆನ್ಸುದಾರ ತೀರಿಕೊಂಡರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಕೋರಬಹುದು. ಹಿಂದೆ ಒಬ್ಬರಿಗೆ ಮೂರು ಕೋವಿಗಳವರೆಗೆ ಅವಕಾಶವಿತ್ತು. 2019ರಿಂದ ಸಾಮಾನ್ಯರಿಗೆ ಎರಡೇ, ಅದೂ ಪಿತ್ರಾರ್ಜಿತವನ್ನು ಸೇರಿಸಿ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು, 2029ರ ಅಕ್ಟೋಬರಿನವರೆಗೆ; ಮಂಡ್ಯದ ಬಯಲುಸೀಮೆಗೆ ಆ ಭಾಗ್ಯವಿಲ್ಲ. ಅಧಿಕಾರ ತೀರಿದ ಆಯುಧವನ್ನು ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲಿ, ಇಲ್ಲವೆ ಲೈಸೆನ್ಸಿರುವ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು 21ನೆಯ ಕಲಮು ಹೇಳುತ್ತದೆ. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚೀನ ವಸ್ತುಗಳ ಅಧಿನಿಯಮವೂ ಅಡ್ಡಬರುತ್ತದೆ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಮೊಮ್ಮಗನ ಲಂಡನ್ನಿನ ಹರಾಜಿನ ಕನಸು ಅಲ್ಲಿಗೆ ಕರಗಿತು.

ಠಾಣೆಯವರು ಬರುವವರೆಗೆ ಕೋವಿಯನ್ನು ಉಜ್ಜಿ ಹೊಳಪು ಕೊಡುವ ಗೊಡವೆ ಬೇಡ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗಳಲ್ಲಿ ಯಾವ ಕಾಲದಲ್ಲೋ ತುಂಬಿಟ್ಟ ಮದ್ದು-ಗುಂಡು ಹಾಗೆಯೇ ಕುಳಿತಿರುವುದುಂಟು. ಕಡ್ಡಿ ಹಾಕಿ ಕೆದಕದೆ, ಮಕ್ಕಳ ಕೈಗೆ ಕೊಡದೆ, ಬಾಯಿಯನ್ನು ಗೋಡೆಯತ್ತ ತಿರುಗಿಸಿ, ಒಲೆಯಿಂದ ದೂರವಾದ ಕೋಣೆಯಲ್ಲಿರಿಸಿ ಬೀಗ ಹಾಕಿದರೆ ಸಾಕು.