ಅಳಿಯನು ಬರೆದುಕೊಡುವ ಜಾಮೀನು

ಹೆಣ್ಣು ಕೊಡುವ ಮುನ್ನ ವರನ ಕುಲ, ಶೀಲ, ವಿದ್ಯೆ, ಸಂಬಳಗಳನ್ನು ವಿಚಾರಿಸುವುದು ನಮ್ಮ ಗೃಹಸ್ಥರಲ್ಲಿ ಹಿಂದಿನಿಂದ ಬಂದ ರೂಢಿ. ವರನು ಅಮೆರಿಕದಲ್ಲಿರುವನೆಂದರೆ ಸಂಬಳವೊಂದೇ ಉಳಿದವುಗಳನ್ನೆಲ್ಲ ಹಿಂದೆ ಹಾಕುವುದುಂಟು. ಡಾಲರುಗಳನ್ನು ರೂಪಾಯಿಗೆ ಗುಣಿಸಿ ನೋಡಿ ಸಂತುಷ್ಟರಾಗುವ ಮಾವಂದಿರು, ಆ ದೇಶದ ಸರಕಾರವೂ ಅದೇ ಸಂಬಳವನ್ನು ವಿಚಾರಿಸುವುದೆಂದೂ, ವಿಚಾರಿಸಿ ವರನಿಂದ ಒಂದು ಜಾಮೀನು ಪತ್ರವನ್ನು ಬರೆಯಿಸಿಕೊಳ್ಳುವುದೆಂದೂ ಅರಿತಿರುವುದು ಅಪೂರ್ವ. ಆ ಪತ್ರವು ಮಗಳ ಹಿತಕ್ಕೆ ನೇರವಾಗಿ ಸಂಬಂಧಿಸಿದುದಾದಕಾರಣ ಈ ತಿಂಗಳು ಅದರ ವಿಷಯವಾಗಿಯೇ ಬರೆಯುತ್ತೇವೆ.

ಎಲ್ಲ ವರರೂ ಇದನ್ನು ಬರೆದುಕೊಡಬೇಕಾದವರಲ್ಲ. ಎಚ್-1ಬಿ ವೀಸಾದ ಮೇಲೆ ನೌಕರಿಗೆ ಹೋಗಿರುವವನು ಹೆಂಡತಿಯನ್ನು ಎಚ್-4 ವೀಸಾದಲ್ಲಿ ಕರೆದೊಯ್ಯುವಾಗ ಇದರ ಪ್ರಸಕ್ತಿಯಿಲ್ಲ. ಅಲ್ಲಿಯ ಪೌರನಾದವನು, ಇಲ್ಲವೆ ಗ್ರೀನ್ ಕಾರ್ಡು ಪಡೆದು ನೆಲೆಸಿದವನು, ಪತ್ನಿಯನ್ನು ಖಾಯಂ ವಾಸಕ್ಕೆ ಕರೆಸಿಕೊಳ್ಳುವಾಗ ಐ-864 ಎಂಬ ನಮೂನೆಗೆ ಸಹಿ ಮಾಡತಕ್ಕದ್ದು. ಬಂದವಳು ಸರಕಾರದ ಧರ್ಮಸಹಾಯಕ್ಕೆ ಕೈಯೊಡ್ಡುವಂತಾಗದು, ಆಕೆಯ ಪೋಷಣೆಯ ಭಾರ ತನ್ನದು ಎಂಬುದೇ ಅದರ ಒಕ್ಕಣೆಯ ಸಾರ. ಹೆಂಡತಿಯೇ ಅಲ್ಲಿಯ ಪೌರಳಾಗಿದ್ದು ಗಂಡನನ್ನು ಕರೆಸಿಕೊಳ್ಳುವುದೂ ಈಗ ವಿರಳವಲ್ಲ. ಆಗ ಈ ಭಾರವೆಲ್ಲ ಆಕೆಯದು. ಹಿಂದೆಯೂ ಇಂಥ ಪತ್ರಗಳಿದ್ದುವು. ಆದರೆ ಹಲವು ನ್ಯಾಯಾಲಯಗಳು ಅವನ್ನು ಬರಿಯ ನೈತಿಕ ವಚನವೆಂದೆಣಿಸಿ ಬದಿಗಿಡುತ್ತಿದ್ದುವು. 1996ರಲ್ಲಿ ಕಾನೂನು ಬದಲಾಯಿತು. 1997ರ ಡಿಸೆಂಬರಿನಿಂದೀಚೆಗೆ ಈ ಪತ್ರವು ಕೋರ್ಟಿನಲ್ಲಿ ನಿಲ್ಲತಕ್ಕ ಕರಾರು.

ಬೇಕಾದ ಆದಾಯವೇನೂ ಬೆರಗುಗೊಳಿಸುವಷ್ಟಿಲ್ಲ. ಅಲ್ಲಿಯ ಸರಕಾರವು ವರ್ಷವರ್ಷವೂ ಬಡತನದ ಗೆರೆಯೊಂದನ್ನು ಗೊತ್ತುಮಾಡುತ್ತದೆ. ಅದರ ಮೇಲೆ ಕಾಲುಭಾಗ ಹೆಚ್ಚು, ಎಂದರೆ ನೂರಕ್ಕೆ 125ರಷ್ಟು, ವರನಿಗೆ ವರಮಾನವಿರಬೇಕು. 2025ರಲ್ಲಿ ಇಬ್ಬರ ಸಂಸಾರಕ್ಕೆ ಗೆರೆಯು 21,150 ಡಾಲರುಗಳಾಗಿದ್ದು, ಬೇಕಾದ ವಾರ್ಷಿಕ ಆದಾಯ 26,437 ಡಾಲರುಗಳಷ್ಟಿತ್ತು. ತಲೆ ಹೆಚ್ಚಿದಂತೆ ಮೊತ್ತವೂ ಹೆಚ್ಚುವುದು. ವರನಿಗೆ ಮೊದಲ ಮದುವೆಯ ಮಕ್ಕಳಿದ್ದರೆ, ಅಥವಾ ಆತನು ಹಿಂದೆಯೇ ತಂದೆತಾಯಿಗಳಿಗೆ ಇಂಥದೇ ಪತ್ರ ಬರೆದುಕೊಟ್ಟಿದ್ದರೆ, ಆ ತಲೆಗಳೂ ಎಣಿಕೆಗೆ ಬರುವುವು. ಆದಾಯ ಸಾಲದಿದ್ದರೆ ಆಸ್ತಿಯನ್ನು ತೋರಿಸಬಹುದು. ಪೌರನ ಪತ್ನಿಯಾದರೆ ಕೊರತೆಯ ಮೂರರಷ್ಟು; ಗ್ರೀನ್ ಕಾರ್ಡಿನವನ ಪತ್ನಿಯಾದರೆ ಐದರಷ್ಟು. 6,000 ಡಾಲರು ಕಡಮೆ ಬಿದ್ದ ಪೌರನು 18,000 ಡಾಲರುಗಳ ಆಸ್ತಿಯನ್ನು ತೋರಿಸಬೇಕೆಂದಾಯಿತು. ವಧುವಿನ ಆಸ್ತಿಯೂ, ವರ್ಷದೊಳಗೆ ನಗದಾಗುವಂತಿದ್ದರೆ, ಇದಕ್ಕೆ ಸಲ್ಲುತ್ತದೆ. ಬೆಂಗಳೂರಿನಲ್ಲಿ ಆಕೆ ಬಿಟ್ಟುಹೋಗುವ ಕೆಲಸದ ಸಂಬಳ ಮಾತ್ರ ಲೆಕ್ಕಕ್ಕಿಲ್ಲ.

ಇಷ್ಟರಿಂದಲೂ ಪೂರೈಸದಿದ್ದರೆ ಜೊತೆಗೆ ಇನ್ನೊಬ್ಬರು ಹೊಣೆ ನಿಲ್ಲಬಹುದು. ಅವರೂ ಅಲ್ಲಿಯ ಪೌರರೋ ಖಾಯಂ ನಿವಾಸಿಗಳೋ ಆಗಿದ್ದು ಅಲ್ಲಿಯೇ ವಾಸಮಾಡುತ್ತಿರಬೇಕು. ಮೈಸೂರಿನ ಮಾವನು ಎಷ್ಟು ಧನವಂತನಾದರೂ ಈ ಹೊಣೆಗೆ ಸಲ್ಲನು. ಆದ್ದರಿಂದ ಈ ಸಂಕಟ ಸಾಮಾನ್ಯವಾಗಿ ಅಲ್ಲಿರುವ ಚಿಕ್ಕಪ್ಪನ ಮೇಲೋ ಸೋದರಮಾವನ ಮೇಲೋ ಬಂದು ಬೀಳುತ್ತದೆ. ದಾಕ್ಷಿಣ್ಯಕ್ಕೆ ಸಹಿ ಹಾಕುವವರು ಒಂದನ್ನು ತಿಳಿದಿರಲಿ: ಅವರ ಹೊಣೆ ಅರೆಪಾಲಿನದಲ್ಲ. ವರನು ಕೈಬಿಟ್ಟರೆ ಪೂರ್ಣ ಭಾರವನ್ನೂ ಅವರಿಂದಲೇ ವಸೂಲುಮಾಡಬಹುದು. ಮನಸ್ಸಿಲ್ಲದಿದ್ದರೆ ವೀಸಾ ದೊರೆಯುವುದಕ್ಕೆ ಮೊದಲೇ ಬರೆದು ತಿಳಿಸಿ ಹಿಂದೆಗೆಯಬೇಕು, ಆಮೇಲೆ ದಾರಿಯಿಲ್ಲ.

ಈಗ ಮುಖ್ಯ ಮಾತು. ಈ ಹೊಣೆಯು ವಿವಾಹವಿಚ್ಛೇದನದಿಂದ ತೀರುವುದಿಲ್ಲ. ಪತ್ನಿಯು ಅಲ್ಲಿಯ ಪೌರಳಾದರೆ, ದುಡಿಮೆಯ 40 ತ್ರೈಮಾಸಿಕಗಳು, ಎಂದರೆ ಸುಮಾರು ಹತ್ತು ವರ್ಷಗಳು, ಆಕೆಯ ಲೆಕ್ಕಕ್ಕೆ ಸೇರಿದರೆ, ಖಾಯಂ ವಾಸವನ್ನು ಬಿಟ್ಟು ದೇಶದಿಂದ ಹೊರಟುಹೋದರೆ, ಅಥವಾ ಇಬ್ಬರಲ್ಲಿ ಒಬ್ಬರು ಗತಿಸಿದರೆ ಅದು ಮುಗಿಯುವುದು. ಅಲ್ಲಿಯವರೆಗೆ, ಗಂಡನು ತ್ಯಜಿಸಿದರೂ, ಬಡತನದ ಗೆರೆಯ 125ರಷ್ಟು ಮಟ್ಟಕ್ಕೆ ತನ್ನನ್ನು ಪೋಷಿಸಬೇಕೆಂದು ಆಕೆಯೇ ನ್ಯಾಯಾಲಯಕ್ಕೆ ಹೋಗಬಹುದು. ಪತ್ರ ಬರೆದುಕೊಡುವುದು ಸರಕಾರಕ್ಕಾದರೂ ಹಕ್ಕು ಹೆಂಡತಿಗೂ ಹುಟ್ಟುತ್ತದೆ. ಇದನ್ನು ಎಷ್ಟೋ ಮಂದಿ ವಕೀಲರಿಂದ ತಡವಾಗಿ ಕೇಳಿ ತಿಳಿಯುವರು. 2012ರಲ್ಲಿ ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಆಕೆ ಕೆಲಸ ಹುಡುಕಲಿಲ್ಲವೆಂಬ ಕಾರಣಕ್ಕೆ ಈ ಹಕ್ಕು ಹೋಗದೆಂದಿತು. ಮದುವೆಗೆ ಮುನ್ನ ಜೀವನಾಂಶ ಬೇಡೆಂದು ಆಕೆ ಬರೆದುಕೊಟ್ಟಿದ್ದರೂ ಈ ಹೊಣೆ ಅಳಿಯದೆಂದು 2016ರಲ್ಲಿ ಒಂಬತ್ತನೆಯ ವಲಯದ ನ್ಯಾಯಾಲಯವು ತೀರ್ಪಿತ್ತಿತು.

ಹಾಗೆಂದು ಇದರಿಂದ ಸುಖವಾಗಿ ಬಾಳಬಹುದೆಂದು ಭಾವಿಸಬಾರದು. 2025ರ ಲೆಕ್ಕದಲ್ಲಿ ಒಬ್ಬಳಿಗೆ ತಿಂಗಳಿಗೆ ಸುಮಾರು 1,630 ಡಾಲರು; ಆಕೆಯ ಸ್ವಂತ ಗಳಿಕೆಯನ್ನು ಅದರಲ್ಲಿ ಕಳೆಯುವರು. ಬಾಡಿಗೆ ದುಬಾರಿಯಾದ ಊರಿನಲ್ಲಿ ಅದು ಕೋಣೆಯ ಬಾಡಿಗೆಗೂ ಸಾಲದು. ಆದರೂ ಬಂಧುಗಳಿಲ್ಲದ ನಾಡಿನಲ್ಲಿ ಒಂಟಿಯಾದವಳಿಗೆ ಅದು ಕೆಲವು ತಿಂಗಳ ಉಸಿರು.

ಬೇರೆ ದೇಶಗಳ ಕ್ರಮ ಬೇರೆ. ಬ್ರಿಟನ್ನಿನಲ್ಲಿ 2012ರಿಂದ 18,600 ಪೌಂಡಿದ್ದ ಆದಾಯಮಿತಿಯನ್ನು 2024ರ ಏಪ್ರಿಲ್ 11ರಂದು 29,000ಕ್ಕೆ ಏರಿಸಿದರು. ಕೆನಡಾದಲ್ಲಿ ಪತಿಪತ್ನಿಯರ ವಿಷಯದಲ್ಲಿ ಸಾಮಾನ್ಯವಾಗಿ ಆದಾಯದ ಮಿತಿಯೇ ಇಲ್ಲ. ಆದರೆ ಮೂರು ವರ್ಷಗಳ ಪೋಷಣೆಯ ಹೊಣೆಯುಂಟು, ಅದೂ ವಿಚ್ಛೇದನದಿಂದ ಕಳೆಯದು.

ವೀಸಾದ ಸಂದರ್ಶನಕ್ಕೆಂದು ಮುಂಬಯಿಗೆ ಹೊರಡುವ ಮಗಳಿಗೆ ಸೀರೆ, ಒಡವೆ, ಉಪ್ಪಿನಕಾಯಿಗಳ ಪಟ್ಟಿಯನ್ನು ತಾಯಿ ಹೇಗೂ ಮಾಡುವಳು. ಅಳಿಯನು ಸಹಿಮಾಡಿದ ಪತ್ರದ ಒಂದು ಪ್ರತಿಯನ್ನು ಸಹಿಯಾದೊಡನೆಯೇ ಕೇಳಿ ಪಡೆದು, ಮೊದಲು ಪುಟದಿಂದ ಕೊನೆಯವರೆಗೆ ಓದಿಸಿ, ಮದುವೆಯ ನೋಂದಣಿ ಪತ್ರದೊಡನೆ ಆಕೆಯ ಸ್ವಂತ ಕಾಗದಗಳಲ್ಲಿ ಇರಿಸುವ ಕೆಲಸವನ್ನು ತಂದೆಯು ವಹಿಸಿಕೊಳ್ಳಲಿ. ಅಳಿಯನಲ್ಲಿ ಅಪನಂಬಿಕೆಯೆಂದು ಬೀಗರು ಭಾವಿಸಿಯಾರೆಂಬ ಸಂಕೋಚ ಬೇಡ. ಪ್ರತಿ ಕೇಳಿದುದಕ್ಕೇ ಮುನಿಯುವ ಬೀಗರಾದರೆ, ಅದು ಮಗಳು ವಿಮಾನ ಹತ್ತುವ ಮುನ್ನವೇ ತಿಳಿದುದು ಒಳ್ಳೆಯದಾಯಿತು.